ಎಡ ಅಂಚಿನ ಕಪ್ಪು ಎಳೆ

ನಾನು ಒಂದು ಜಮಖಾನೆ. ಹುಟ್ಟಿದ್ದು ಜೈಲಿನಲ್ಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಡವಾಗಿ ಗೊತ್ತಾದರೆ ನನ್ನ ಮೇಲೆ ಕುಳಿತವರು ಸ್ವಲ್ಪ ಸರಿದು ಕುಳಿತುಕೊಳ್ಳುತ್ತಾರೆ. ಅವರಿಗೂ ಮುಜುಗರ, ನನಗೂ ಮುಜುಗರ.

ಉತ್ತರ ಕರ್ನಾಟಕದ ಒಂದು ಜಿಲ್ಲಾ ಊರು. ಅಲ್ಲಿನ ಕಾರಾಗೃಹದಲ್ಲಿ ಹೆಂಗಸರ ವಿಭಾಗಕ್ಕೆ ಅಂಟಿಕೊಂಡು ಒಂದು ತಗಡಿನ ಶೆಡ್ಡು, ಅದರೊಳಗೆ ಕೆಲವು ಮಗ್ಗಗಳು. ಗೋಡೆಯ ಹಾಗೆ ನೆಟ್ಟಗೆ ನಿಂತ ಮಗ್ಗಗಳು. ಕೆಳಗಿನ ಮರ ನೆಲಕ್ಕೆ ತಾಗಿಕೊಂಡಿರುತ್ತದೆ. ನೇಯ್ಗೆ ನೆಲದಿಂದ ಶುರುವಾಗಿ ಮೇಲಕ್ಕೆ ಏರುತ್ತದೆ, ಗಿಡ ಬೆಳೆದ ಹಾಗೆ. ನೇಯುವವಳು ಎಳೆ ತೂರಿಸಿ, ಹದ್ದಿನ ಉಗುರಿನಂಥ ಕಬ್ಬಿಣದ ಪಂಜಾದಿಂದ ಅದನ್ನು ಕೆಳಕ್ಕೆ ಬಡಿಯುತ್ತಾಳೆ. ನಾನು ಕೇಳಿದ ಮೊದಲ ಸದ್ದು ಅದೇ. ಪೆಟ್ಟು ಬಿದ್ದಷ್ಟೂ ನಾವು ಗಟ್ಟಿಯಾಗುತ್ತೇವೆ. ಮನುಷ್ಯರಿಗೂ ಹಾಗೆಯೇ ಎಂದು ಕೆಲವರು ಹೇಳುತ್ತಾರೆ. ನಾನು ಕಂಡ ಮನುಷ್ಯರ ಮಟ್ಟಿಗೆ ಅದು ಪೂರ್ತಿ ನಿಜವಲ್ಲ.

ನನ್ನನ್ನು ನೇಯ್ದವಳು ನೀಲವ್ವ. ಯಾಕೆ ಒಳಗೆ ಬಂದೆ ಎಂದು ಮಗ್ಗದ ಮುಂದೆ ಯಾರೂ ಯಾರನ್ನೂ ಕೇಳುವುದಿಲ್ಲ, ಹಾಗಾಗಿ ನನಗೂ ಗೊತ್ತಿಲ್ಲ. ಅವಳು ಬಂದಾಗ ಬಗಲಲ್ಲಿ ಮೊಲೆಗೂಸಿತ್ತೆಂದು ಮಾತ್ರ ಗೊತ್ತು. ಮಗುವಿನ ಹೆಸರು ಶ್ರಾವಣಿ. ನೀಲವ್ವನಿಗೆ ನೇಯ್ಗೆ ಕಲಿಸಿದವಳು ಮಾಬುಬಿ ಎಂಬ ಹಿರಿಯ ಕೈದಿ. ಬಿಡುಗಡೆಯಾಗಿ ಹೋಗುವ ದಿನ ಮಾಬುಬಿ ಒಂದು ಮಾತು ಬಿಟ್ಟುಹೋದಳಂತೆ.

"ನೋಡವಾ, ಎಷ್ಟ ಚೊಲೋ ನೇಯ್ದರೂ ಒಂದ ಕಪ್ಪು ಎಳಿ ತಪ್ಪಾಗಿ ಹಾಕಿಬಿಡು. ಕೂಸಿನ ಗಲ್ಲಕ್ಕ ಕಾಡಿಗಿ ಹಚ್ಚಂಗಿಲ್ಲೇನು? ಹಂಗ. ಇಲ್ಲಂದ್ರ ಅದನ್ನ ಹಾಸಿದ ಮನಿಗೆ ದೃಷ್ಟಿ ತಾಕತೈತಿ."

ಆ ಹೊತ್ತಿಗೆ ಶ್ರಾವಣಿ ಎದ್ದು ನಿಲ್ಲುತ್ತಿದ್ದಳು. ಅವ್ವ ನೇಯುವಾಗ ಮಗ್ಗದ ಎಡಗಡೆಯ ಕಂಬ ಹಿಡಿದುಕೊಂಡು ನಿಂತಿರುತ್ತಿದ್ದಳು. ಗಲ್ಲದ ಮೇಲೆ ಬೆಳಗ್ಗೆ ಹಚ್ಚಿದ ಕಾಡಿಗೆಯ ಬೊಟ್ಟು. ನೇಯ್ಗೆ ಏರುತ್ತ ಏರುತ್ತ ಆ ಬೊಟ್ಟಿನ ಎತ್ತರಕ್ಕೆ ಬಂದಾಗ ನೀಲವ್ವ ಎಡ ಅಂಚಿನಲ್ಲಿ ಬೆರಳುದ್ದದ ಕಪ್ಪು ಎಳೆ ತೂರಿಸುತ್ತಿದ್ದಳು. ಮಗು ಬೆಳೆದ ಹಾಗೆ ಎಳೆಯೂ ಜಮಖಾನೆಯಿಂದ ಜಮಖಾನೆಗೆ ಕೂದಲೆಳೆಯಷ್ಟು ಮೇಲೇರುತ್ತಿತ್ತು. ಬೇರೆ ಯಾರೂ ಇದನ್ನು ಗಮನಿಸಿರಲಿಲ್ಲ.

ಅದೇ ಮಗ್ಗದಲ್ಲಿ ನನಗಿಂತ ಸ್ವಲ್ಪ ಮುಂಚೆ ಹುಟ್ಟಿದವಳು ನನ್ನ ಅಕ್ಕ. ಅದೇ ಕೆಂಪು, ಅದೇ ನೀಲಿ ಪಟ್ಟೆ. ಅವಳು ಮಗ್ಗದಿಂದ ಇಳಿದ ವಾರದಲ್ಲೇ ಶ್ರಾವಣಿಗೆ ಆರು ವರ್ಷ ತುಂಬಿತು. ಆರು ತುಂಬಿದ ಮಕ್ಕಳು ತಾಯಿಯ ಜೊತೆ ಒಳಗಿರುವಂತಿಲ್ಲ. ಅವಳನ್ನು ಅದೇ ಊರಿನ ಬಾಲಮಂದಿರಕ್ಕೆ ಸೇರಿಸಿದರು. ವಾರಕ್ಕೊಮ್ಮೆ ಅಲ್ಲಿನ ಆಯಾ ಅವಳನ್ನು ಕರೆತಂದು ಅವ್ವನಿಗೆ ತೋರಿಸುತ್ತಿದ್ದಳು. ಅಕ್ಕ ಗೇಟಿನ ಪಕ್ಕದ ಮಾರಾಟ ಮಳಿಗೆಗೆ ಹೋದಳು, ಯಾರೋ ಕೊಂಡುಕೊಂಡರು. ಆ ಖಾಲಿ ಮಗ್ಗದಲ್ಲಿ ನನ್ನ ಉದ್ದೆಳೆಗಳ ಹಾಸು ಹೂಡಿದರು. ಮೊದಲ ದಿನಗಳಲ್ಲಿ ನೀಲವ್ವ ಎಡಗಡೆಗೆ ತಿರುಗಿ ತಿರುಗಿ ನೋಡುತ್ತಿದ್ದಳು. ನನ್ನ ಕೆಳಗಿನ ಪಟ್ಟೆಗಳು ಒಂದಿಷ್ಟು ಸಡಿಲವಾಗಿರುವುದು ಅದಕ್ಕೇ.

ನನ್ನ ಹುಟ್ಟಿಗೆ ಒಂದು ಉದ್ದೇಶವಿತ್ತು. ಜಿಲ್ಲೆಯ ಅಂಗನವಾಡಿಗಳಿಗೆಲ್ಲ ಹಾಸಲು ಜಮಖಾನೆಗಳು ಬೇಕಾಗಿದ್ದವು. ಹಿಂದೆಲ್ಲ ಇಂಥದ್ದು ಬೇಕಾದಾಗ ಕಚೇರಿಗಳು ನೇರವಾಗಿ ಜೈಲಿಗೆ ಹೇಳಿಕಳಿಸುತ್ತಿದ್ದವಂತೆ. ಈ ಸಲ ಹಾಗಲ್ಲ, ಟೆಂಡರು. ಜೈಲೂ ಅಂಗಡಿಯವರ ಜೊತೆ ಸಾಲಿನಲ್ಲಿ ನಿಲ್ಲಬೇಕು, ದರ ಹೇಳಬೇಕು, ಮಾದರಿ ತೋರಿಸಬೇಕು. ಆ ಮಾದರಿಯೇ ನಾನು.

ಶೆಡ್ಡಿಗೆ ಆ ಸುದ್ದಿ ತಂದವರು ನೇಯ್ಗೆ ಕಲಿಸುವ ಹೊಸಮನಿ ಮಾಸ್ತರರು. ತೆಳ್ಳಗಿನ ಮನುಷ್ಯ, ಕೆಟ್ಟ ಸುದ್ದಿಯನ್ನು ಕೆಮ್ಮಿನ ಜೊತೆ ಸೇರಿಸಿ ಹೇಳುವ ಅಭ್ಯಾಸ.

"ಈ ಆರ್ಡರ್ ನಮಗ ಸಿಗಲಿಲ್ಲಂದ್ರ ಶೆಡ್ಡಿಗೆ ಕೆಲಸ ಇಲ್ಲ. ಕೆಲಸ ಇಲ್ಲಂದ್ರ ಶೆಡ್ಡು ಮುಚ್ಚತಾರ. ನೇಯೋ ಹೆಂಗಸರನ್ನ ಬ್ಯಾರೆ ಜೈಲಿಗೆ ಕಳಸತಾರ. ಅಲ್ಲಿ ದೊಡ್ಡ ಶೆಡ್ಡು ಐತಂತ."

"ಎಲ್ಲಿ ರೀ ಮಾಸ್ತರ?" ಎಂದಳು ನೀಲವ್ವ.

ಮಾಸ್ತರರು ಊರಿನ ಹೆಸರು ಹೇಳಿದರು. ಒಂದು ರಾತ್ರಿಯಿಡೀ ರೈಲಿನಲ್ಲಿ ಹೋಗಬೇಕಾದ ಊರು. ಬಾಲಮಂದಿರದ ಆಯಾ ಅಷ್ಟು ದೂರ ಯಾರ ಮಗುವನ್ನೂ ಕರೆತರುವುದಿಲ್ಲ. ನೀಲವ್ವನ ಕೈಯಲ್ಲಿದ್ದ ಪಂಜಾ ನನ್ನ ಮೇಲೆ ಬೀಳದೆ ಹಾಗೇ ನಿಂತುಬಿಟ್ಟಿತು.

"ಮತ್ತ ಇನ್ನೊಂದ," ಮಾಸ್ತರರು ಕೆಮ್ಮಿದರು. "ಇದರಾಗ ಆ ಕಪ್ಪು ಎಳಿ ಹಾಕಬ್ಯಾಡ ನೀಲವ್ವ. ಪರೀಕ್ಷಾ ಮಾಡೋರು ಭೂತಗನ್ನಡಿ ಹಿಡಿದ ನೋಡತಾರ. ಒಂದ ಎಳಿ ತಪ್ಪಿದ್ದರೂ ಕುಂದು ಅಂತ ಬರೀತಾರ. ನಿನ್ನ ಸಲುವಾಗಿನ ಹೇಳಾಕತ್ತೀನಿ."

ನೀಲವ್ವ ಹೂಂ ಎಂದಳು.

ನೇಯ್ಗೆ ಆ ಎತ್ತರಕ್ಕೆ ಬಂದ ದಿನ ಅವಳು ಕೈಕಟ್ಟಿ ಕುಳಿತಳು. ಮಡಿಲಲ್ಲಿ ಕಪ್ಪು ನೂಲಿನ ಉಂಡೆ. ಪಕ್ಕದ ಮಗ್ಗದ ಕಾಶವ್ವ ನೋಡಿ ನಕ್ಕಳು.

"ಸರ್ಕಾರಕ್ಕ ಯಾರ ದೃಷ್ಟಿ ತಾಕತೈತಿ ಬಿಡವಾ. ಅದ ಊರಿಗೆಲ್ಲಾ ತಾಕಸತೈತಿ."

"ಇದರ ಮ್ಯಾಲೆ ಕುಂಡ್ರೋದು ಸರ್ಕಾರ ಅಲ್ಲಕ್ಕಾ," ಎಂದಳು ನೀಲವ್ವ ಮೆಲ್ಲಗೆ. "ಸಣ್ಣ ಹುಡುಗೂರು."

ನನಗೆ ಆಗ ಹೆದರಿಕೆಯಾಯಿತು. ಹಾಕಬೇಡ ಎಂದು ಹೇಳಲು ನನಗೆ ಬಾಯಿದ್ದಿದ್ದರೆ ಹೇಳುತ್ತಿದ್ದೆ. ಒಂದು ಬೆರಳುದ್ದದ ನೂಲಿಗಾಗಿ ಮಗುವಿನ ಮುಖ ನೋಡುವುದನ್ನೇ ಪಣಕ್ಕಿಡುತ್ತಾರೆಯೇ? ಆದರೆ ಅವಳ ಲೆಕ್ಕ ಬೇರೆ. ಗುರುತು ಹಾಕದೆ ಹೋದರೆ ಶ್ರಾವಣಿ ನಿಂತಿದ್ದ ಜಾಗವನ್ನೇ ಅಳಿಸಿದಂತೆ. ಅವಳು ಎಡಗಡೆಯ ಕಂಬವನ್ನು ಒಮ್ಮೆ ಮುಟ್ಟಿ, ಮಗಳನ್ನು ಕೊನೆಯ ಸಲ ಅಲ್ಲಿ ನಿಲ್ಲಿಸಿಕೊಂಡಿದ್ದ ಎತ್ತರಕ್ಕೇ ಕಪ್ಪು ಎಳೆ ತೂರಿಸಿದಳು. ಬಡಿದಳು. ಆಮೇಲೆ ಎಂದಿಗಿಂತ ಬಿಗಿಯಾಗಿ, ಎಂದಿಗಿಂತ ನೇರವಾಗಿ ನೇಯುತ್ತ ಹೋದಳು.

ಮರುದಿನ ಮಾಸ್ತರರು ನೋಡಿದರು. ಬಯ್ಯಲಿಲ್ಲ. ಸೂಜಿ ತಂದು ಎಬ್ಬಿಸಲು ನೋಡಿದರು. ಅವಳ ಪೆಟ್ಟಿನಲ್ಲಿ ಕುಳಿತ ಎಳೆ ಸೂಜಿಗೆ ಏಳುವಂಥದ್ದಲ್ಲ. ತೆಗೆಯಬೇಕಾದರೆ ನನ್ನನ್ನು ಅರ್ಧ ಬಿಚ್ಚಬೇಕು. ಮಾದರಿ ಕೊಡುವ ದಿನ ಹತ್ತಿರ ಬಂದಿತ್ತು. ಅವರು ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಕೊಂಡು, "ಆತು ಬಿಡು," ಎಂದು ಹೋದರು.

ಹಾಗೆ ನಾನು ಮಡಚಿದ ಗಂಟಾಗಿ ಮೊದಲ ಸಲ ಗೇಟು ದಾಟಿದೆ. ಹುಟ್ಟಿದ ಮೇಲೆ ಬಿಸಿಲು ಕಂಡದ್ದು ಮಾಸ್ತರರ ಸೈಕಲ್ಲಿನ ಹಿಂದೆ.

ಜಿಲ್ಲಾ ಕಚೇರಿಯ ಉದ್ದನೆಯ ಮೇಜು. ಖರೀದಿ ಸಮಿತಿಯ ಅಧ್ಯಕ್ಷ ಸಾಹೇಬರು ನಡುವೆ. ಒಂದು ಪಕ್ಕ ಉಗ್ರಾಣ ನೋಡಿಕೊಳ್ಳುವ ಬಡಿಗೇರ. ಇನ್ನೊಂದು ಪಕ್ಕ ಶಿಕ್ಷಣ ಇಲಾಖೆಯಿಂದ ಬಂದ ಶಕುಂತಲಾ ಹೂಗಾರ ಮೇಡಂ. ಹೂಗಾರ ಮೇಡಂ ಒಂದು ಕಾಲಕ್ಕೆ ಶಾಲೆಯಲ್ಲಿ ಗಣಿತ ಕಲಿಸಿದವರು. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. ಪೆನ್ನಿನ ಮುಚ್ಚಳ ಹಾಕಿದ್ದೇನೆಯೇ ಎಂದು ಎರಡೆರಡು ಸಲ ನೋಡಿಕೊಳ್ಳುವ ಹೆಂಗಸು. ನನ್ನ ಸ್ವಭಾವದವರೇ ಎನಿಸಿತು.

ಮೂರು ಮಾದರಿಗಳು. ಒಂದನ್ನು ಬಡಿಗೇರ ಒದ್ದೆ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಬಿಟ್ಟಿತು; ಅದು ಅಲ್ಲಿಗೇ ಹೊರಗೆ. ಎರಡನೆಯದು ಪಟ್ಟಣಶೆಟ್ಟಿ ಎಂಬ ಬಟ್ಟೆ ವ್ಯಾಪಾರಿಯದು. ಮಿರಿಮಿರಿ ಪ್ಲಾಸ್ಟಿಕ್ ಚೀಲ, ಮೇಲೆ ಬಂಗಾರದ ಅಕ್ಷರದ ಚೀಟಿ. ಅವನು ಚೀಲ ಬಿಚ್ಚಿ ಹಾಸಿದ.

ನನ್ನ ಅಕ್ಕ.

ಅದೇ ಕೆಂಪು, ಅದೇ ನೀಲಿ. ಹೆಸರು ಮಾತ್ರ ಬೇರೆ. ಮಳಿಗೆಯಲ್ಲಿ ಕೊಂಡವನು, ಜೈಲಿನ ಮುದ್ರೆ ಹೊಡೆದಿದ್ದ ಚಿಂದಿಯನ್ನು ಕತ್ತರಿಸಿ ತನ್ನ ಚೀಟಿ ಹೊಲಿಸಿದ್ದ. ಮೈ ಮಡಿಕೆ ಬಿಡಿಸಿಕೊಂಡು ಅಕ್ಕ ನನ್ನ ಎದುರು ಬಿದ್ದಿದ್ದಳು. ನನಗೆ ಕೂಗಬೇಕೆನಿಸಿತು. ಮೇಜಿನ ಮೇಲಿನ ವಸ್ತುಗಳಿಗೆ ಕೂಗುವ ಸೌಕರ್ಯವಿಲ್ಲ.

"ಎರಡೂ ಚೊಲೋ ಅದಾವು," ಎಂದರು ಸಾಹೇಬರು. "ಪಟ್ಟಣಶೆಟ್ಟರ ದರ ಒಂದಷ್ಟ ಕಡಿಮಿ ಐತಿ."

"ಕಡಿಮಿ ಇರಾಕ ನಾ ಕಷ್ಟ ಪಟ್ಟೀನ್ರಿ ಸಾಹೇಬ್ರ," ಎಂದ ಪಟ್ಟಣಶೆಟ್ಟಿ. "ಜೈಲಿನವರಿಗೇನ್ರಿ? ಬಾಡಿಗಿ ಇಲ್ಲ, ಕೂಲಿ ಕೊಟ್ಟಷ್ಟ ಕೊಟ್ಟಂಗ. ನೇಯೋರ ಊಟಾನೂ ಸರ್ಕಾರದ್ದ. ಅವರ ಜೋಡಿ ನಾವು ಹೆಂಗ ಕುಸ್ತಿ ಹಿಡಿಯೋದ್ರಿ?"

ಮಾಸ್ತರರು ಕೆಮ್ಮಿದರು. "ಊಟ ಸರ್ಕಾರದ್ದ ಖರೆ ರೀ. ಬಾಗಲದ ಕೀಲೀನೂ ಸರ್ಕಾರದ್ದ ಐತಿ."

ಯಾರೋ ನಕ್ಕರು. ಆದರೂ ಆ ವ್ಯಾಪಾರಿ ಹೇಳಿದ್ದರಲ್ಲಿ ಒಂದು ಪಾಲು ನಿಜ ಎಂದು ನನಗೆ ಇಂದಿಗೂ ಅನಿಸುತ್ತದೆ. ಒಳಗಿನ ಕೈಗಳಿಗೆ ಕಡಿಮೆ ಕೊಟ್ಟರೆ ಹೊರಗಿನ ಕೈಗಳಿಗೂ ಪೆಟ್ಟೇ. ಅವನು ಅಷ್ಟು ಹೇಳಿ ತನ್ನ ಮಾಲನ್ನೇ ತಂದಿದ್ದರೆ ಯಾರೂ ಅವನನ್ನು ಬೆರಳು ಮಾಡಿ ತೋರಿಸುವಂತಿರಲಿಲ್ಲ.

ಅಷ್ಟರಲ್ಲಿ ಬಡಿಗೇರ ನನ್ನ ಎಡ ಅಂಚಿನ ಮೇಲೆ ಉಗುರು ಇಟ್ಟ. "ಸಾಹೇಬ್ರ, ಇಲ್ಲೊಂದ ಕುಂದು ಐತಿ. ಕೆಂಪು ಪಟ್ಟಿಯೊಳಗ ಕಪ್ಪು ಎಳಿ."

"ಏನ್ರಿ ಮಾಸ್ತರ ಇದು?"

"ಅದು... ದೃಷ್ಟಿ ಎಳಿ ರೀ." ಮಾಸ್ತರರ ಕಿವಿ ಕೆಂಪಾಗಿತ್ತು. "ಬೇಕಂತಲೇ ಹಾಕತಾರ್ರಿ. ಬ್ಯಾಡ ಅಂದಿದ್ದೆ."

"ಬೇಕಂತ ತಪ್ಪು ಮಾಡತಾರಂತ," ಸಾಹೇಬರು ಕುರ್ಚಿಗೆ ಒರಗಿದರು. "ಹಂಗಾದ್ರ ನಾವೂ ಬೇಕಂತ ಬಿಡಬೇಕಾಗತೈತಿ. ಬರ್ಕೋರಿ ಬಡಿಗೇರ, ಜೈಲಿನ ಮಾದರಿ ದೋಷಪೂರ್ಣ."

ಬಡಿಗೇರ ಪೆನ್ನು ತೆಗೆದ. ನನಗೆ ನೀಲವ್ವನ ಮಡಿಲು ನೆನಪಾಯಿತು, ರಾತ್ರಿಯಿಡೀ ಓಡುವ ಆ ರೈಲೂ.

ಆಗ ಹೂಗಾರ ಮೇಡಂ ಕೈ ಚಾಚಿದರು. ಅವರು ನನ್ನ ಕಪ್ಪು ಎಳೆಯನ್ನು ಸವರಿ ನೋಡಿದರು. ಆಮೇಲೆ, ಒಬ್ಬ ಹುಡುಗನ ಪೇಪರಿನಲ್ಲಿ ತಪ್ಪು ಕಂಡ ಮೇಲೆ ಪಕ್ಕದ ಹುಡುಗನ ಪೇಪರನ್ನು ಎಳೆದುಕೊಳ್ಳುವ ಹಳೆಯ ಚಾಳಿಯಿಂದಲೋ ಏನೋ, ಅಕ್ಕನ ಅಂಚು ಹಿಡಿದು ತಮ್ಮ ಕಡೆಗೆ ಎಳೆದುಕೊಂಡರು. ನಮ್ಮಿಬ್ಬರನ್ನೂ ಕೆಳ ಅಂಚು ಸಮ ಮಾಡಿ ಮಗ್ಗುಲಿಗೆ ಮಗ್ಗುಲು ಇಟ್ಟರು. ಎಷ್ಟೋ ದಿನಗಳ ಮೇಲೆ ಅಕ್ಕನ ಮೈ ನನಗೆ ತಾಗಿತು.

ಎರಡು ಕಪ್ಪು ಎಳೆಗಳು, ಒಂದೇ ಗೆರೆಯಲ್ಲಿ.

"ಸಾಹೇಬ್ರ," ಎಂದರು ಮೇಡಂ, ತಡೆತಡೆದು, "ನಾ ಭಾಳ ವರ್ಷ ಗಣಿತ ಪೇಪರ್ ತಿದ್ದೀನ್ರಿ. ಸರಿ ಉತ್ತರ ಎಲ್ಲಾರದೂ ಒಂದ ಇರತೈತಿ, ಅದಕ್ಕ ಸಂಶಯ ಪಡಾಕ ಬರಂಗಿಲ್ಲ. ಇಬ್ಬರದು ತಪ್ಪೂ ಒಂದ ಇತ್ತಂದ್ರ, ಒಬ್ಬ ಇನ್ನೊಬ್ಬನ್ನ ನೋಡಿ ಬರದಾನ."

ಸಾಹೇಬರು ಮುಂದಕ್ಕೆ ಬಾಗಿದರು.

"ಮಷಿನ್ ಅಂದ ಮ್ಯಾಲೆ ಒಂದೊಂದ ಸಲ ಎಳಿ ತಪ್ಪತೈತ್ರಿ ಮೇಡಂ," ಎಂದ ಪಟ್ಟಣಶೆಟ್ಟಿ.

"ನಿಮ್ಮ ಮಷಿನ್ನಿಗೂ ದೃಷ್ಟಿ ತಾಕತೈತೇನ್ರಿ?"

ಅವರು ಚುಚ್ಚಲು ಕೇಳಿದ್ದಲ್ಲ. ನಿಜವಾಗಿ ಉತ್ತರ ಬೇಕೆನ್ನುವ ಹಾಗೆ ಕೇಳಿದ್ದರು. ಪಟ್ಟಣಶೆಟ್ಟಿ ಕರವಸ್ತ್ರ ತೆಗೆದ, ಮತ್ತೆ ಕಿಸೆಗೆ ಹಾಕಿದ. "ಸ್ಯಾಂಪಲ್ಲಷ್ಟ ಅಲ್ಲಿಂದ ತಂದಿದ್ದೆ ರೀ... ಚೊಲೋ ಕಾಣತೈತಿ ಅಂತ. ಮಾಲು ನಮ್ಮದ ಕೊಡತಿದ್ವಿ." ತನ್ನ ಬಾಯಿಂದಲೇ ಹೊರಗೆ ಬಿದ್ದದ್ದು ಕೇಳಿಸಿದ ಮೇಲೆ ಅವನೇ ಎದ್ದು ನಿಂತ.

ಉಳಿದದ್ದು ನಾನೊಬ್ಬಳೇ. ಆದರೆ ನನ್ನ ಕುಂದು ನನ್ನಲ್ಲೇ ಇತ್ತಲ್ಲ. ಬಡಿಗೇರನ ಪೆನ್ನು ಇನ್ನೂ ಕಾಗದದ ಮೇಲಿತ್ತು.

"ಕುಂದು ಅಂತ ಬರೀಬ್ಯಾಡ್ರಿ," ಎಂದರು ಹೂಗಾರ ಮೇಡಂ. "ಗುರುತು ಅಂತ ಬರೀರಿ. ಇವತ್ತ ಅದ ಇದ್ದದ್ದಕ್ಕ ಕಳ್ಳ ಮಾಲು ಸಿಕ್ಕೈತಿ."

ಸಾಹೇಬರು ಆಗಲಿ ಎಂದು ತಲೆಯಾಡಿಸಿದರು. ಆಮೇಲೆ ಬಡಿಗೇರ ಒಂದು ಪದ ಹೊಡೆದುಹಾಕಿ ಇನ್ನೊಂದು ಪದ ಬರೆದ. ಒಂದು ಪದ ಬದಲಾದರೆ ಎಷ್ಟು ಬದಲಾಗುತ್ತದೆ ಎಂಬುದನ್ನು ಅವತ್ತು ಕಂಡೆ. ಪದಗಳ ವಿಷಯದಲ್ಲಿ ಅಂದಿನಿಂದ ನಾನು ಇನ್ನಷ್ಟು ಜಾಗ್ರತೆ.

ಅಕ್ಕನನ್ನು ಪಟ್ಟಣಶೆಟ್ಟಿ ಬಗಲಲ್ಲಿ ಮಡಚಿಕೊಂಡು ಹೋದ. ಕೊಂಡವನು ಅವನೇ, ತಡೆಯುವಂತಿರಲಿಲ್ಲ. ಅವಳನ್ನು ಅಂಗಡಿಯ ಗಾದಿಯ ಮೇಲೆ ಹಾಸಿಕೊಂಡು ತಾನೇ ಕುಳಿತಿರುತ್ತಾನೆಂದು ಬಡಿಗೇರ ಮುಂದೊಂದು ದಿನ ಹೇಳಿದ. "ಕೇಳಿದ್ರ, ಇಷ್ಟ ಗಟ್ಟಿ ನಮ್ಮ ಮಷಿನ್ನಿಗೆ ಬರಂಗಿಲ್ಲಪಾ ಅಂತಾನ್ರಿ."

ಗೆದ್ದ ನನಗೆ ಸಿಕ್ಕಿದ್ದು ಏನು? ಕಪಾಟು. ಒಪ್ಪಿಗೆಯಾದ ಮಾದರಿಯನ್ನು ಮಡಚಿ, ದಾರ ಕಟ್ಟಿ, ಗಂಟಿನ ಮೇಲೆ ಅರಗು ಕಾಯಿಸಿ ಮುದ್ರೆ ಒತ್ತಿ ಇಡುತ್ತಾರೆ. ಮುಂದೆ ಬರುವ ಮಾಲನ್ನೆಲ್ಲ ಅದರ ಜೊತೆ ಹೋಲಿಸಿ ನೋಡಬೇಕು. ಹುಟ್ಟಿದ್ದು ಮಕ್ಕಳು ಕೂರಲಿ ಎಂದು. ನನ್ನ ಮೇಲೆ ಮೊದಲು ಕುಳಿತದ್ದು ಬಿಸಿ ಅರಗು. ನೀಲವ್ವನಿಗೆ ಶಿಕ್ಷೆ ಮುಂದುವರಿದಿತ್ತು, ನನಗೆ ಶುರುವಾಯಿತು.

ಆದರೆ ಕತ್ತಲಲ್ಲೂ ನನಗೆ ಸುದ್ದಿ ಬರುತ್ತಿತ್ತು. ಮಾಲು ಬಂದಾಗಲೆಲ್ಲ ಬಡಿಗೇರ ನನ್ನನ್ನು ಹೊರತೆಗೆದು, ಮುದ್ರೆ ಬಿಚ್ಚಿ, ಹೊಸಬರ ಪಕ್ಕಕ್ಕೆ ಹಾಸಿ, ಕೆಲಸ ಮುಗಿದ ಮೇಲೆ ಮತ್ತೆ ಮುದ್ರೆ ಹಾಕುತ್ತಿದ್ದ. ಕರಾರಿನಲ್ಲಿ 'ಮಾದರಿಯಂತೆಯೇ ಇರತಕ್ಕದ್ದು' ಎಂದಿತ್ತು. ಹಾಗಾಗಿ ಕಾಶವ್ವ ನೇಯಲಿ, ಬೇರೆ ಯಾರೇ ನೇಯಲಿ, ಎಡ ಅಂಚಿನಲ್ಲಿ ಕಪ್ಪು ಎಳೆ ಇರಲೇಬೇಕು. ಸರ್ಕಾರಕ್ಕೆ ದೃಷ್ಟಿ ತಾಕುವುದಿಲ್ಲ ಎಂದಿದ್ದ ಕಾಶವ್ವ ಈಗ ಸರ್ಕಾರದ ಅಪ್ಪಣೆಯಂತೆಯೇ ದೃಷ್ಟಿ ತೆಗೆಯುತ್ತಿದ್ದಳು.

ಒಂದು ದಿನ, ಮಾಲು ನೋಡಲು ಬಂದಿದ್ದ ಹೂಗಾರ ಮೇಡಂ ಮುಂದೆ ಬಡಿಗೇರ ತಲೆ ಕೆರೆದುಕೊಂಡ. "ಮೇಡಂ, ಈ ಗಂಟಿನಾಗ ಕೆಲವು ಜಮಖಾನಿ ಗುರುತು ಮಾದರಿಗಿಂತ ಒಂದ ಬೆರಳು ಮ್ಯಾಲ ಐತ್ರಿ. ವಾಪಸ್ ಕಳಸಲೇನ್ರಿ?"

ಮೇಡಂ ಗಂಟು ತಂದಿದ್ದ ಮಾಸ್ತರರ ಮುಖ ನೋಡಿದರು.

"ಅವು ನೀಲವ್ವ ನೇಯ್ದದ್ದು ರೀ," ಎಂದರು ಮಾಸ್ತರರು. "ಎಳಿ ಹಾಕಿದ್ದು ಮಗಳ ಗಲ್ಲದ ಎತ್ತರಕ್ಕ. ಮಗಳು ಭೇಟಿಗೆ ಬಂದಾಗ ತನ್ನ ಮೈಗೆ ಹಚ್ಚಿ ನಿಲ್ಲಿಸ್ಕೊಂಡ ನೋಡತಾಳ್ರಿ, ಎಲ್ಲಿಗೆ ಬಂದಾಳಂತ. ಆಮ್ಯಾಲೆ ಬಂದ ಮಗ್ಗದಾಗ ಹಾಕತಾಳ. ನಾ ಹೇಳೀನ್ರಿ, ಮಾದರಿ ಎತ್ತರಕ್ಕ ಹಾಕವಾ ಅಂತ. ಕೈ ಕೇಳಂಗಿಲ್ಲಂತ್ರಿ."

ಮೇಡಂ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. "ಉದ್ದ ಅಗಲ ಸರಿ ಐತೇನ್ರಿ ಬಡಿಗೇರ?"

"ಸರಿ ಐತ್ರಿ."

"ಗುರುತು ಐತೇನ್ರಿ?"

"ಐತಿ, ಆದ್ರ—"

"ಹಂಗಾದ್ರ ಮಾದರಿಯಂತೈತಿ. ತಗೋರಿ."

ಹೀಗೆ ಕಪಾಟಿನಲ್ಲಿದ್ದುಕೊಂಡೇ ನಾನು ಶ್ರಾವಣಿ ಬೆಳೆಯುವುದನ್ನು ನೋಡಿದೆ. ಒಂದು ಬೆರಳು, ಎರಡು ಬೆರಳು, ಒಂದು ಗೇಣು. ಯಾವ ಗಂಟಿನಲ್ಲಾದರೂ ಗುರುತು ಏರದೆ ಹಾಗೇ ಉಳಿದಿದ್ದರೆ ನನಗೆ ಕಳವಳ: ಮಗುವಿಗೆ ಜ್ವರ ಬಂದಿತ್ತೋ, ಭೇಟಿ ತಪ್ಪಿತೋ? ಮುಂದಿನ ಗಂಟು ಬಂದು ಎಳೆ ಏರಿದ್ದು ಕಂಡ ಮೇಲೇ ಸಮಾಧಾನ.

ಆಮೇಲೆ ಬಂದ ಒಂದು ಗಂಟಿನಲ್ಲಿ ಎಲ್ಲ ಗುರುತುಗಳೂ ನನ್ನ ಎತ್ತರಕ್ಕೇ ಇದ್ದವು. ಒಂದೂ ಮೇಲಿರಲಿಲ್ಲ. ಬಡಿಗೇರ ಈ ಸಲ ಎಲ್ಲ ಸರಿಯಾಗಿದೆ ಎಂದು ಸಂತೋಷಪಟ್ಟ. ಹೂಗಾರ ಮೇಡಂ ಗಾಬರಿಯಾದರು.

"ನೀಲವ್ವ ಎಲ್ಲಿ ರೀ ಮಾಸ್ತರ?"

ಮಾಸ್ತರರು ಈ ಸಲ ಕೆಮ್ಮಲಿಲ್ಲ. "ಬಿಡುಗಡಿ ಆತ್ರಿ. ಬಾಲಮಂದಿರಕ್ಕ ಹೋಗಿ ಮಗಳನ್ನ ಕರ್ಕೊಂಡು ಹ್ವಾದ್ಲು. ಜೈಲಿನ ಗೇಟಿನಾಗ ಮಾಬುಬಿ ಬಂದು ನಿಂತಿದ್ಲು ರೀ, ತನ್ನ ಮನಿಗೆ ಕರಕೊಂಡು ಹೋಗಾಕ."

ಮುಂದಿನ ಟೆಂಡರಿನ ಹೊತ್ತಿಗೆ ಬಡಿಗೇರ ನನ್ನನ್ನು ಮತ್ತೆ ಅದೇ ಉದ್ದನೆಯ ಮೇಜಿನ ಮೇಲೆ ಬಿಡಿಸಿಟ್ಟ. ಜೈಲಿನದು ಒಂದು ಮಾದರಿ, ಪಟ್ಟಣಶೆಟ್ಟಿಯದು ಒಂದು. ಈ ಸಲ ಅವನು ತನ್ನದೇ ಮಾಲು ತಂದಿದ್ದ. ಕೆಟ್ಟದ್ದೇನಿರಲಿಲ್ಲ, ತೆಳ್ಳಗಿತ್ತು ಅಷ್ಟೆ. ಮೂರನೆಯದನ್ನು ಹಿಡಿದು ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬಳು ಮುದುಕಿ. ಇನ್ನೊಬ್ಬಳ ಕೈ ನೋಡಿದ ಕೂಡಲೇ ನನಗೆ ಗೊತ್ತಾಯಿತು.

"ಒಳಗ ಬರ್ರಿ," ಎಂದರು ಸಾಹೇಬರು. "ಯಾವ ಕಂಪನಿ ರೀ ನಿಮ್ಮದು?"

"ಕಂಪನಿ ಅಲ್ರಿ, ಹೆಣ್ಣಮಕ್ಕಳ ಸಂಘ ರೀ," ಎಂದಳು ಮಾಬುಬಿ. "ಎರಡ ಮಗ್ಗ ಅದಾವು. ಎಲ್ಲಾ ಊರಿಗೂ ಕೊಡ್ತೀವಿ ಅನ್ನಂಗಿಲ್ಲ. ನಮಗ ಒಂದ ತಾಲೂಕು ಸಾಕು."

ನೀಲವ್ವ ತಂದದ್ದನ್ನು ಹಾಸಿದಳು. ಎಡ ಅಂಚಿನಲ್ಲಿ ಕಪ್ಪು ಎಳೆ, ನನ್ನದಕ್ಕಿಂತ ಒಂದೂವರೆ ಗೇಣು ಮೇಲೆ. ಕುರ್ಚಿ ತೋರಿಸಿದರೂ ಅವಳು ಕೂರಲಿಲ್ಲ. ಅವಳ ಕಣ್ಣು ನನ್ನ ಮೇಲಿತ್ತು. ಮೆಲ್ಲಗೆ ಬೆರಳಿನಿಂದ ನನ್ನ ಕೆಳಗಿನ ಸಡಿಲ ಪಟ್ಟೆಗಳನ್ನು ಒತ್ತಿ ನೋಡಿದಳು. ನಾಚಿಕೊಂಡಳು.

"ಈ ಸಲ ಯಾರು ಯಾರನ್ನ ನೋಡಿ ಬರದಾರ್ರಿ ಮೇಡಂ?" ಎಂದು ಸಾಹೇಬರು ನಕ್ಕರು.

"ಈ ಸಲ ಉತ್ತರ ಬರದಾಕಿನ ಬಂದಾಳ್ರಿ," ಎಂದರು ಹೂಗಾರ ಮೇಡಂ.

ಒಂದು ತಾಲೂಕು ಸಂಘಕ್ಕೆ ಹೋಯಿತು. ಉಳಿದದ್ದು ಜೈಲಿಗೇ ಉಳಿಯಿತು. ಕಾಶವ್ವನ ಮಗ್ಗ ನಿಲ್ಲಲಿಲ್ಲ. ಪಟ್ಟಣಶೆಟ್ಟಿಗೆ ಪರದೆಗಳ ಆರ್ಡರು ಸಿಕ್ಕಿತು, ಅವನೂ ಗೊಣಗದೆ ಹೋದ. ಹೊಸ ಮಾದರಿಗಳಿಗೆ ದಾರ ಕಟ್ಟಿ ಅರಗು ಹಾಕಿದರು. ನನ್ನ ಅರಗನ್ನು ಬಡಿಗೇರ ಕೊನೆಯ ಸಲ ಕೆರೆದು ತೆಗೆದ. ಹೀಗೆ ನನಗೂ ಬಿಡುಗಡೆಯಾಯಿತು.

ಈಗ ನಾನು ಒಂದು ಹಳ್ಳಿಯ ಅಂಗನವಾಡಿಯಲ್ಲಿದ್ದೇನೆ. ಕೆಂಪು ಮಾಸಿದೆ. ಒಂದು ಮೂಲೆಯಲ್ಲಿ ಉಪ್ಪಿಟ್ಟಿನ ಎಣ್ಣೆಯ ಕಲೆ, ಇನ್ನೊಂದರಲ್ಲಿ ಹೇಳಲಾಗದ ಕಲೆ. ತುದಿಯ ಕುಚ್ಚುಗಳು ಸವೆದು ಹಲ್ಲುದುರಿದ ಬಾಯಿಯಂತಾಗಿವೆ. ಮಧ್ಯಾಹ್ನ ಮಕ್ಕಳು ನನ್ನ ಮೇಲೆ ಮಲಗುತ್ತವೆ. ಇಲ್ಲಿನ ಟೀಚರ್ ದಾಕ್ಷಾಯಣಿ ಆ ಮಕ್ಕಳನ್ನು ಕೆಳ ಅಂಚಿಗೆ ಕಾಲು ಮಾಡಿಸಿ, ಒಬ್ಬರ ಪಕ್ಕ ಒಬ್ಬರಂತೆ ಮಲಗಿಸುತ್ತಾಳೆ. ಎಡ ಅಂಚಿನ ಜಾಗಕ್ಕೆ ಮಾತ್ರ ಜಗಳ. ಅಲ್ಲಿ ಮಲಗಿದವರ ಗಲ್ಲ ಎಲ್ಲಿಗೆ ಬಂತು ಎಂದು ಉಳಿದವರೆಲ್ಲ ಬಗ್ಗಿ ನೋಡಬೇಕು. ಕಪ್ಪು ಎಳೆ ಯಾಕಿದೆ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಅವರೇ ಅದಕ್ಕೊಂದು ಅರ್ಥ ಕಟ್ಟಿಕೊಂಡಿದ್ದಾರೆ.

"ಟೀಚರ್, ಇಂವನ ಗಲ್ಲ ಮುಟ್ಟತು!"

ದಾಕ್ಷಾಯಣಿ ಬಂದು ನೋಡುತ್ತಾಳೆ. "ಆತು, ನಿನಗ ಆರು ತುಂಬಾಕ ಬಂತು. ಇನ್ನ ದೊಡ್ಡ ಸಾಲಿಗೆ ಹೋಗು."

ನಾನು ಹುಟ್ಟಿದಲ್ಲಿ ಆ ಎತ್ತರಕ್ಕೆ ಗಲ್ಲ ಬಂದ ಮಗು ಅವ್ವನನ್ನು ಬಿಟ್ಟು ಹೋಗಬೇಕಾಗಿತ್ತು. ಇಲ್ಲಿ ಅದೇ ಎತ್ತರಕ್ಕೆ ಬಂದ ಮಗು ಚೀಲ ಹಾಕಿಕೊಂಡು ರಸ್ತೆಯಾಚೆಯ ಶಾಲೆಗೆ ಹೋಗುತ್ತದೆ. ನಾನು ಬಾಗಿಲ ಬಳಿ ಹಾಸಿಕೊಂಡಿರುತ್ತೇನೆ, ಕಣ್ಣಿಟ್ಟು ಕಾಯುತ್ತೇನೆ. ಕಾಯುವ ಚಾಳಿ ನನ್ನನ್ನು ಬಿಟ್ಟಿಲ್ಲ. ಸಂಜೆ ಶಾಲೆಯ ಗಂಟೆ ಹೊಡೆಯುತ್ತದೆ. ಆ ಮಕ್ಕಳೆಲ್ಲ ನಮ್ಮ ಬಾಗಿಲ ಮುಂದೆಯೇ ಮನೆಗೆ ಓಡುತ್ತವೆ.